ಭಜ್ಜಿಯ ಕಾಳು ಹೊಲ ಬಿಟ್ಟು ಮಾರ್ಕೆಟ್‌ಗೆ ಹೋದ ಕಥೆ

ಎಳ್ಳ ಅಮಾವಾಸ್ಯೆಗೆ ನಮ್ಮ ಕಲಬುರಗಿ ಕಡೆ ಭಜ್ಜಿ ಆಗಲೇಬೇಕು. ಹಸಿ ತೊಗರಿ, ಹಸಿ ಕಡಲೆ, ಅವರೆ, ಅಲಸಂದಿ, ಶೇಂಗಾ, ಮೆಂತ್ಯ ಪಲ್ಯ, ಹುಣಸೆ ಹುಳಿ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಜೊತೆಗೆ ಸಜ್ಜಿ ರೊಟ್ಟಿ. ಮೊದಲೆಲ್ಲ ಇದರಲ್ಲಿ ಬಹುಪಾಲು ಸ್ವಂತ ಹೊಲದ್ದೇ. ಈಗ ಹಬ್ಬದ ಹಿಂದಿನ ದಿನ ಮಾರ್ಕೆಟ್‌ನಲ್ಲಿ ಹಳ್ಳಿಯವರೇ ಅವರೆಗೆ ಚೌಕಾಸಿ ಮಾಡುತ್ತಿರುತ್ತಾರೆ. ಜೀವವೈವಿಧ್ಯ ಅಂದ ಕೂಡಲೇ ನಮಗೆ ಕಾಡು, ಹುಲಿ ನೆನಪಾಗುತ್ತವೆ. ಈ ಪಾತ್ರೆ ನೆನಪಾಗುವುದಿಲ್ಲ.

ತೊಗರಿಗೆ ನಮ್ಮ ದೇಶದಲ್ಲಿ ಮೂರು ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ಅಷ್ಟೂ ಕಾಲ ಅದು ಜೋಳ, ಸಜ್ಜೆ, ಹೆಸರು, ಎಳ್ಳಿನ ಜೊತೆ ಅಕ್ಕಡಿ ಸಾಲಾಗಿಯೇ, ಅಂದರೆ ಒಂದೇ ಹೊಲದಲ್ಲಿ ಪಕ್ಕಪಕ್ಕದ ಸಾಲಾಗಿಯೇ, ಹೆಚ್ಚು ಬೆಳೆಯಿತು. ಆಮೇಲೆ ಬೇಳೆಗೆ ಬೆಲೆ ಬಂತು. ರೇಷನ್ ಅಕ್ಕಿ ಬಂತು, ಜೋಳದ ರೊಟ್ಟಿ ದಿನಕ್ಕೊಂದು ಹೊತ್ತಿಗೆ ಇಳಿಯಿತು. ಮನೆಯಲ್ಲಿ ದನ ಕಡಿಮೆಯಾದವು, ಜೋಳದ ದಂಟಿನ ಮೇವು ಕಣಿಕಿ ಯಾರಿಗೂ ಬೇಡವಾಯಿತು. ಬೀದರ್ ಕಡೆ ಹೆಸರು, ಉದ್ದಿನ ಜಾಗಕ್ಕೆ ಸೋಯಾ ಬಂತು. ನಮ್ಮ ಕಡೆ ಜೋಳದ ಸಾಲು ಕಡಿಮೆಯಾಗಿ ತೊಗರಿಯೊಂದೇ ಹೆಚ್ಚಾಯಿತು. ಯಾರೂ ತಪ್ಪು ಲೆಕ್ಕ ಹಾಕಲಿಲ್ಲ. ಪ್ರತಿಯೊಬ್ಬರ ಲೆಕ್ಕವೂ ಅವರವರ ಮನೆಗೆ ಸರಿಯೇ ಇತ್ತು.

ಆದರೆ ಜೋಳ ಸುಮ್ನೆ ಹೊಲದಲ್ಲಿ ನಿಂತಿರಲಿಲ್ಲ. ಅದು ತೊಗರಿಗೆ ಕಾವಲಾಗಿತ್ತು.

ನೆಟೆ ರೋಗ ಬಂದ ತೊಗರಿ ಗಿಡವನ್ನು ಹತ್ತಿರದಿಂದ ನೋಡಿದ್ದೀರಾ? ಮೇಲಿಂದ ಕಾಯಿ ತುಂಬಿದ ಗಿಡವೇ. ನಾಲ್ಕೈದು ದಿನದಲ್ಲಿ ಎಲೆ ಬಾಡಿ ಜೋತು ಬೀಳುತ್ತದೆ. ಬುಡದ ಸಿಪ್ಪೆ ಸುಲಿದರೆ ಒಳಗೆ ಕಪ್ಪು-ಕಂದು ಗೆರೆ. ನೀರು ಏರುವ ದಾರಿಯೇ ಕಟ್ಟಿಹೋಗಿರುತ್ತದೆ. ಇದನ್ನು ತರುವ ಶಿಲೀಂಧ್ರ ಮಣ್ಣಲ್ಲಿ, ಹಳೆ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಹೊಲಕ್ಕೆ ಮತ್ತೆ ಮತ್ತೆ ತೊಗರಿಯನ್ನೇ ಬಿತ್ತಿದರೆ ಅದಕ್ಕೆ ಊಟ ಹಾಕಿದಂತೆ. ನಡುವೆ ಜೋಳ ಇದ್ದರೆ ನೆಟೆ ತಗ್ಗುತ್ತದೆ ಎಂದು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1980ರ ದಶಕದ ಪ್ರಯೋಗಗಳಲ್ಲೇ ಕಂಡುಕೊಂಡಿತ್ತು. 1986ರಲ್ಲಿ ನೆಟೆ ತಡೆಯುವ ಮಾರುತಿ ತಳಿ ಬಂತು. ಅದು ದೊಡ್ಡ ಉಪಕಾರ, ನಿಜ. ಆದರೆ ತಳಿ ಇದೆಯಲ್ಲ ಎಂಬ ಧೈರ್ಯಕ್ಕೆ ಜೋಳದ ಸಾಲು ಮತ್ತಷ್ಟು ತೆಳುವಾಯಿತು ಅಂತ ನನಗನ್ನಿಸುತ್ತದೆ.

ಆಮೇಲೆ ಕಾಯಿಕೊರಕ. 1997-98ರಲ್ಲಿ ಅದು ತೊಗರಿಯನ್ನು ತಿಂದುಹಾಕಿದ್ದು ನಮ್ಮ ಭಾಗದ ಹಿರಿಯರಿಗೆ ಇನ್ನೂ ನೆನಪಿದೆ. ಔಷಧಿ ಹೊಡೆದರೂ ಹುಳ ಸಾಯಲಿಲ್ಲ. ಗಿಡ ಅಲುಗಾಡಿಸಿ, ಉದುರಿದ ಹುಳ ಆರಿಸಿದರು. ಹಿಂದೆ ಆ ಕೆಲಸವನ್ನು ಕಾಜಾಣ, ಗೊರವಂಕಗಳೂ ಮಾಡುತ್ತಿದ್ದವು. ಕೂರಲು ಜೋಳದ ತೆನೆ ಬೇಕಿತ್ತು, ಅಷ್ಟೇ.

2015ರಲ್ಲಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿತು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ವಿಶಿಷ್ಟ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿತು. ಹೆಮ್ಮೆಯ ಮಾತೇ. 2022ರ ಕೊನೆಗೆ ನೆಟೆ ತಿರುಗಿ ಬಂದಾಗ ಎಷ್ಟೋ ಮನೆಗಳಲ್ಲಿ ಕೈಹಿಡಿಯಲು ಇನ್ನೊಂದು ಬೆಳೆ ಇರಲಿಲ್ಲ.

ಇಕ್ರಿಸ್ಯಾಟ್‌ನ ಶೀತಲ ಕೋಣೆಯಲ್ಲಿ 13,000ಕ್ಕೂ ಹೆಚ್ಚು ಬಗೆಯ ತೊಗರಿ ಬೀಜ ಭದ್ರವಾಗಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಊರಿನ ಬೆಳೆ, ಗಿಡ, ಪ್ರಾಣಿಗಳ ದಾಖಲಾತಿ ಇರಬೇಕು. ನಿಮ್ಮೂರಿನದನ್ನು ಒಮ್ಮೆ ಕೇಳಿ ನೋಡಿ. ಹೋದ ಮುಂಗಾರಿಗೆ ನಾವು ತೊಗರಿ ಬೀಜಕ್ಕೆ ಒಂದು ಹಿಡಿ ಜೋಳ ಬೆರೆಸಿ ಬಿತ್ತಿದೆವು. ದಸರೆ ಮುಗಿದು ತೊಗರಿ ಹೂ ಬಿಡುವ ಹೊತ್ತಿಗೆ ತೆನೆಗಳ ಮೇಲೆ ಕಾಜಾಣ ಬಂದು ಕೂತಿದ್ದವು.