ಬಿಡುಗಡೆ ಪತ್ರದಲ್ಲಿ ಬಿಟ್ಟುಹೋಗುವ ಸಾಲುಗಳು

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಎರಡನೇ ಕಲಮಿನ ಕೆಳಗೆ ಒಂದು ಪಟ್ಟಿಯಿದೆ. ದೇಶದ ಬೇರೆ ಬೇರೆ ಕಡೆ ಜೀತವನ್ನು ಯಾವ ಯಾವ ಹೆಸರಿನಿಂದ ಕರೆಯುತ್ತಾರೋ ಅವನ್ನೆಲ್ಲ ಅಲ್ಲಿ ಸಾಲಾಗಿ ಬರೆದಿದ್ದಾರೆ: ಸಾಗ್ರಿ, ಕಮಿಯಾ, ಪಾಲೇರು, ಪಡಿಯಾಳ್, ವೆಟ್ಟಿ. ನಡುವೆ ನಮ್ಮ 'ಜೀತ'ವೂ ಇದೆ. ಇವತ್ತು ಆ ಪಟ್ಟಿ ಹಿಡಿದು ಇಟ್ಟಿಗೆ ಗೂಡಿಗೋ ಶುಂಠಿ ಹೊಲಕ್ಕೋ ಹೋದರೆ ಆ ಹೆಸರುಗಳು ಕಿವಿಗೆ ಬೀಳುವುದು ಅಪರೂಪ. "ಅಡ್ವಾನ್ಸ್ ತಗೊಂಡೀವಿ, ದುಡಿದು ತೀರಸ್ತೀವಿ" ಅನ್ನುತ್ತಾರೆ. ವಿಚಾರಣೆಗೆ ಬಂದ ಅಧಿಕಾರಿ ಅಷ್ಟನ್ನೇ ಬರೆದುಕೊಂಡು, "ಸಾಲವಿದೆ, ಸ್ವಂತ ಇಚ್ಛೆಯಿಂದ ದುಡಿಯುತ್ತಿದ್ದಾರೆ, ಜೀತ ಕಂಡುಬಂದಿಲ್ಲ" ಎಂದು ವರದಿ ಮುಗಿಸುತ್ತಾರೆ. ಹಕ್ಕು ಕೈತಪ್ಪುವುದು ಬಹುತೇಕ ಈ ಒಂದು ವಾಕ್ಯದಲ್ಲೇ.

ಬಡತನ ಅಳೆಯುವವರ ಕಣ್ಣಿಗೂ ಹೀಗೆ ಮುಂಗಡಕ್ಕೆ ದುಡಿಯುವ ಕುಟುಂಬ ಸರಿಯಾಗಿ ಬೀಳುವುದಿಲ್ಲ. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ಗೆರೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಏರಿಸಿತು. ಇದು ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳುವ ಡಾಲರಲ್ಲ, ಆಯಾ ದೇಶದ ಬೆಲೆಗಳಿಗೆ ಹೊಂದಿಸಿದ ಲೆಕ್ಕದ ಡಾಲರ್. ಆ ಗೆರೆಯ ಕೆಳಗೆ ಜಗತ್ತಿನ ಸುಮಾರು 80 ಕೋಟಿ ಜನರಿದ್ದಾರೆ. ನಮ್ಮ ದೇಶದಲ್ಲಿ ಗೆರೆಯ ಮೇಲೆ ಯಾರು, ಕೆಳಗೆ ಯಾರು ಎಂದು ತಿಳಿಯುವುದು ಮನೆಯ ಖರ್ಚು ಕೇಳಿ. ನಾಳೆ ಈ ಕೆಲಸ ಬಿಟ್ಟು ಹೋಗಬಲ್ಲಿರಾ ಎಂದು ಯಾರೂ ಕೇಳುವುದಿಲ್ಲ. ಕೂಲಿಯಾಳುಗಳನ್ನು ಕರೆತರುವ ಮೇಸ್ತ್ರಿಯಿಂದ 60,000 ರೂಪಾಯಿ ಮುಂಗಡ ಪಡೆದು ಆಸ್ಪತ್ರೆಗೆ ಕಟ್ಟಿದ ಮನೆ, ಆ ವರ್ಷದ ಖರ್ಚಿನ ಲೆಕ್ಕದಲ್ಲಿ ಗೆರೆಯ ಮೇಲೇ ಕಂಡರೂ ಕಾಣಬಹುದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಇವರ ಬಡತನವನ್ನು ಬರೀ ರೂಪಾಯಿಯ ಕೊರತೆ ಎಂದು ಓದಿದರೆ ಅರ್ಧ ಮಾತ್ರ ಓದಿದಂತೆ.

ಉಳಿದರ್ಧ ಕಾನೂನಿನಲ್ಲಿದೆ. ಸಾಲಕ್ಕೆ ದುಡಿಮೆಯನ್ನು ಅಡವಿಡುವುದು ಯಾವಾಗ ಗುಲಾಮಗಿರಿಯಾಗುತ್ತದೆ ಎಂಬುದಕ್ಕೆ 1956ರ ವಿಶ್ವಸಂಸ್ಥೆಯ ಪೂರಕ ಒಪ್ಪಂದ ಎರಡು ಪರೀಕ್ಷೆ ಹೇಳುತ್ತದೆ. ದುಡಿಮೆಯ ನ್ಯಾಯವಾದ ಬೆಲೆ ಸಾಲಕ್ಕೆ ಜಮಾ ಆಗುತ್ತಿಲ್ಲವೆ? ದುಡಿಮೆ ಎಂಥದು, ಎಷ್ಟು ಕಾಲ ಎಂಬುದಕ್ಕೆ ಮಿತಿಯೇ ಇಲ್ಲವೆ? ಎರಡರಲ್ಲಿ ಒಂದಕ್ಕೆ 'ಹೌದು' ಬಂದರೂ ಸಾಕು. ನಮ್ಮ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 'ಬಲವಂತ' ಎಂದರೇನು ಎಂಬ ಪ್ರಶ್ನೆ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪು ಸ್ಪಷ್ಟವಾಗಿದೆ: ಹಸಿವು ಮತ್ತು ಬಡತನದ ಒತ್ತಾಯವೂ ಬಲವಂತವೇ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು 23ನೇ ವಿಧಿಯ ಉಲ್ಲಂಘನೆ. ಮುಂದೆ ಫರೀದಾಬಾದಿನ ಕಲ್ಲು ಕ್ವಾರಿಗಳ ಬಂಧುವಾ ಮುಕ್ತಿ ಮೋರ್ಚಾ (ಜೀತ ವಿಮುಕ್ತಿಗೆ ಹೋರಾಡುವ ಸಂಘಟನೆ) ಪ್ರಕರಣದಲ್ಲಿ ಇನ್ನೊಂದು ಮಾತು ಸೇರಿತು. ಬಲವಂತದ ದುಡಿಮೆ ಎಂದು ಕಂಡುಬಂದರೆ, ಅದರ ಹಿಂದೆ ಮುಂಗಡವೋ ಇನ್ನೊಂದು ಆರ್ಥಿಕ ಋಣವೋ ಇದೆ ಎಂದೇ ಭಾವಿಸಬೇಕು. ಇಲ್ಲ ಅನ್ನುವವರು ಅದನ್ನು ಸಾಬೀತು ಮಾಡಲಿ.

ಇಷ್ಟಿದ್ದರೂ ವಿಚಾರಣೆಯ ಸ್ಥಳದಲ್ಲಿ ಜನ ಹುಡುಕುವುದು ಸರಪಳಿ, ಬೀಗ, ಬಾಸುಂಡೆ. ಕಾಯ್ದೆ ಹುಡುಕಲು ಹೇಳುವುದು ಬೇರೆಯದನ್ನು. ಮುಂಗಡ, ವಂಶದಿಂದ ಬಂದ ಋಣ, ರೂಢಿ, ಹುಟ್ಟಿದ ಜಾತಿ, ಇವುಗಳಲ್ಲಿ ಒಂದು ಕಾರಣವಾಗಿ ನಾಲ್ಕು ಸ್ವಾತಂತ್ರ್ಯಗಳಲ್ಲಿ ಯಾವುದಾದರೂ ಒಂದು ಹೋಗಿದ್ದರೆ ಅದು ಜೀತ. ಬೇರೆ ಕಡೆ ಕೆಲಸಕ್ಕೆ ಹೋಗುವುದು, ಊರಿಂದೂರಿಗೆ ಓಡಾಡುವುದು, ತನ್ನ ದುಡಿಮೆಯನ್ನು ಪೇಟೆ ಬೆಲೆಗೆ ಮಾರುವುದು, ಕನಿಷ್ಠ ಕೂಲಿ ಪಡೆಯುವುದು. ನಾಲ್ಕೂ ಹೋಗಿರಬೇಕಿಲ್ಲ. ಸಂತೆಗೆ ಹೋಗಿ ಬರುವ, ಕೈಯಲ್ಲಿ ಮೊಬೈಲಿರುವ ಆಳೂ ಜೀತದಾಳಾಗಿರಬಹುದು.

ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ವಿಧಾನ ಮಾತ್ರ ಎಲ್ಲ ಕಡೆಗೂ ಹೊಂದುತ್ತದೆ. ಗಂಡ ಹೆಂಡತಿ 60,000 ಮುಂಗಡ ಪಡೆದು ಗೂಡಿಗೆ ಬಂದರು. ಸಾವಿರ ಇಟ್ಟಿಗೆಗೆ 800 ರೂಪಾಯಿ. ದಿನಕ್ಕೆ ಸಾವಿರ ತಟ್ಟಿದರೆ ವಾರದ ಆರು ದಿನಕ್ಕೆ 4,800. ಅದರಲ್ಲಿ ವಾರದ ಖರ್ಚಿಗೆಂದು ಕೈಗೆ ಕೊಡುವುದು 1,500, ಸಾಲಕ್ಕೆ ಜಮಾ 3,300. ಹತ್ತೊಂಬತ್ತನೇ ವಾರದಲ್ಲಿ ಸಾಲ ಚುಕ್ತಾ. ಮುಂಗಡ ಕೊಡುವಾಗ ಮೇಸ್ತ್ರಿ ಹೇಳುವ ಲೆಕ್ಕ ಇದು.

ಗೂಡಿನ ಲೆಕ್ಕ ಬೇರೆ. ಒಡೆದದ್ದಕ್ಕೆಂದು 1,050 ಇಟ್ಟಿಗೆಯನ್ನು ಸಾವಿರ ಎಂದು ಎಣಿಸುತ್ತಾರೆ. ಮಣ್ಣು ಹದ ಮಾಡುವ, ಕಣ ಸಮ ಮಾಡುವ ದಿನಗಳಿಗೆ ಕೂಲಿಯಿಲ್ಲ. ಅಕಾಲದ ಮಳೆಗೆ ಹಸಿ ಇಟ್ಟಿಗೆ ಕರಗಿದರೆ ನಷ್ಟ ತಟ್ಟಿದವರದು. 24 ವಾರದಲ್ಲಿ ನಿಜಕ್ಕೂ ತಟ್ಟಿದ್ದು 20 ವಾರ, ವಾರಕ್ಕೆ 4,500 ಇಟ್ಟಿಗೆ ಎನ್ನಿ. ಎಣಿಕೆಯ ಕಡಿತ ಕಳೆದು ವಾರಕ್ಕೆ ಬರುವುದು 3,430ರಷ್ಟು, ಇಡೀ ಹಂಗಾಮಿಗೆ ಸುಮಾರು 68,600. ವಾರದ ಖರ್ಚಿನ 36,000 ಕಳೆದರೆ ಉಳಿಯುವುದು 32,600. ಅತ್ತ ಸಾಲಕ್ಕೆ ಬರುವಾಗಿನ ಲಾರಿ ಬಾಡಿಗೆ 4,000, ಜ್ವರ ಬಂದಾಗ ಕೊಟ್ಟ 5,000 ಸೇರಿ 69,000 ಆಗಿದೆ. ಹಂಗಾಮು ಮುಗಿದಾಗ 36,400 ಬಾಕಿ. ಅದನ್ನು ತೀರಿಸಲು ಮುಂದಿನ ವರ್ಷವೂ ಇದೇ ಗೂಡಿಗೆ ಬರಬೇಕು.

ಈಗ ಕಾನೂನಿನ ಕಣ್ಣಿನಿಂದ ಇದೇ ಲೆಕ್ಕ. ವಾರದ 3,430 ಎಂದರೆ ದಿನಕ್ಕೆ ಇಬ್ಬರಿಗೆ 571, ತಲೆಗೆ 286, ಅದೂ ಹನ್ನೆರಡು ಗಂಟೆಯ ದುಡಿಮೆಗೆ. ಎಂಟು ಗಂಟೆಗೆ ಇಳಿಸಿದರೆ 190 ರೂಪಾಯಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿಯೇ ದಿನಕ್ಕೆ 370 ಇತ್ತು. ಆ ದರ ಹಿಡಿದು, ಹೆಚ್ಚಿನ ನಾಲ್ಕು ಗಂಟೆಗೆ ಓವರ್‌ಟೈಮಿನ ದುಪ್ಪಟ್ಟು ದರ ಕೇಳದೆ ಸಾದಾ ದರವನ್ನೇ ಹಾಕಿದರೂ 120 ದಿನಕ್ಕೆ ಇಬ್ಬರ ಕೂಲಿ 1,33,200. ಅದರಲ್ಲಿ ಖರ್ಚಿನ 36,000 ಮತ್ತು ಸಾಲದ 69,000 ಕಳೆಯಿರಿ. ಗೂಡಿನ ಒಡೆಯನೇ ಅವರಿಗೆ 28,200 ಕೊಡಬೇಕು. ಸಾಲಗಾರ ಯಾರು ಎಂಬುದೇ ತಿರುಗುಮುರುಗಾಯಿತು. ವಿಚಾರಣಾ ವರದಿಯಲ್ಲಿ ಈ ಹತ್ತು ಸಾಲಿನ ಲೆಕ್ಕ ಇದ್ದರೆ 'ಇಷ್ಟಪಟ್ಟು ದುಡಿಯುತ್ತಿದ್ದಾರೆ' ಎಂಬ ಷರಾ ನಿಲ್ಲುವುದಿಲ್ಲ. ಇಟ್ಟಿಗೆ ತಿರುವಿ ಹಾಕುವ ಮಗುವನ್ನು ಈ ಲೆಕ್ಕದಲ್ಲಿ ಸೇರಿಸಬಾರದು, ಅದರ ದುಡಿಮೆಯನ್ನು ಬೇರೆಯಾಗಿಯೇ ದಾಖಲಿಸಬೇಕು.

ಹೇಳಿಕೆ ಪಡೆಯುವಲ್ಲಿ ಆಗುವ ತಪ್ಪುಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಒಡೆಯನ ಶೆಡ್ಡಿನಲ್ಲಿ, ಅವನ ಕುರ್ಚಿಯಲ್ಲಿ ಕೂತು, ಅವನೆದುರೇ ಕೇಳುತ್ತಾರೆ. ಒಡಿಶಾದಿಂದ ಬಂದವರ ಮಾತನ್ನು ಅವರನ್ನು ಕರೆತಂದ ದಲ್ಲಾಳಿಯ ಬಾಯಿಂದಲೇ ಕನ್ನಡಕ್ಕೆ ಮಾಡಿಸುತ್ತಾರೆ. "ನಿಮ್ಮನ್ನು ಕೂಡಿ ಹಾಕಿದ್ದಾರಾ?" ಎಂದರೆ ಉತ್ತರ 'ಇಲ್ಲ' ಎಂದೇ ಬರುತ್ತದೆ. ಕೇಳಬೇಕಾದ್ದು ಬೇರೆ. ಹಬ್ಬಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಊರಿಗೆ ಹೋಗಿದ್ದಿರಾ, ಯಾರನ್ನಾದರೂ ಇಲ್ಲೇ ಬಿಟ್ಟು ಹೋಗಬೇಕಾಯಿತಾ? ಪಕ್ಕದ ಗೂಡಿನಲ್ಲಿ ಸಾವಿರಕ್ಕೆ ನೂರು ಹೆಚ್ಚು ಕೊಟ್ಟರೆ ಹೋಗಬಹುದಾ? ಲೆಕ್ಕದ ಪುಸ್ತಕ ಯಾರ ಹತ್ತಿರ ಇದೆ, ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳಿದ್ದಾರಾ? ಆಧಾರ್ ಕಾರ್ಡ್ ಎಲ್ಲಿದೆ? ಹೋದ ಸಲ ಬಿಟ್ಟು ಹೋದವರಿಗೆ ಏನಾಯಿತು? ಕೊನೆಯ ಪ್ರಶ್ನೆಗೆ ಬರುವ ಮೌನವನ್ನೂ ಬರೆದುಕೊಳ್ಳಬೇಕು. ಸಾಲದ ಚೀಟಿ ಸಿಗಲಿಲ್ಲ ಎಂದು ಕಡತ ಮುಚ್ಚುವುದಂತೂ ಕಾಯ್ದೆ ಓದದವರ ಕೆಲಸ. 15ನೇ ಕಲಮಿನ ಪ್ರಕಾರ, ಅದು ಜೀತದ ಸಾಲವೆಂದು ಕಾರ್ಮಿಕನೋ, ಈ ಕಾಯ್ದೆಯಡಿ ಜಿಲ್ಲೆಯಲ್ಲಿ ರಚಿಸುವ ಜಾಗೃತಿ ಸಮಿತಿಯೋ ಹೇಳಿದರೆ ಸಾಕು. ಅಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು.

ಜೀತ ಎಂದು ತೀರ್ಮಾನವಾದ ಮೇಲೆ ಬಿಡುಗಡೆ ಪತ್ರ, ಅಂದರೆ ಇವರು ಜೀತದಿಂದ ಮುಕ್ತರು ಎಂದು ಸರ್ಕಾರ ಬರೆದುಕೊಡುವ ಕಾಗದ. ಸಾಮಾನ್ಯವಾಗಿ ಉಪವಿಭಾಗಾಧಿಕಾರಿಯ ಸಹಿ ಇರುತ್ತದೆ. ನೋಡಲು ಒಂದು ಹಾಳೆ, ಆದರೆ ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಕುಟುಂಬಕ್ಕೊಂದು ಪತ್ರ ಕೊಟ್ಟು ಕಳಿಸಿದರೆ ಹೆಂಡತಿಗೂ ಮಕ್ಕಳಿಗೂ ಬರಬೇಕಾದ ಹಣ ಹೋಯಿತು. ಆದ್ದರಿಂದ ತಲೆಗೊಂದು ಪತ್ರ, ಮಕ್ಕಳಿಗೂ. ಹೆಸರು ಆಧಾರ್‌ನಲ್ಲಿರುವಂತೆಯೇ ಇರಬೇಕು. 'ಹುಲಿಗೆಮ್ಮ' ಅಲ್ಲಿ 'ಹುಲಗವ್ವ' ಆಗಿದ್ದರೆ ಹಣ ಖಾತೆಗೆ ಬೀಳದೆ ವಾಪಸಾಗುತ್ತದೆ. ಸಾಲ ರದ್ದಾಗಿದೆ ಎಂಬ ವಾಕ್ಯವನ್ನು ಬರೆಯಲೇಬೇಕು. 6ನೇ ಕಲಮಿನಂತೆ ಸಾಲ ಕಾನೂನಿನಲ್ಲೇ ಅಳಿದಿರುತ್ತದೆ, ಆದರೆ ಊರಿಗೆ ಬಂದು ಬಾಗಿಲು ಬಡಿಯುವ ಮೇಸ್ತ್ರಿಗೆ ತೋರಿಸಲು ಕೈಯಲ್ಲಿ ಕಾಗದ ಬೇಕು. ಆ ಸಾಲ ವಸೂಲಿ ಮಾಡಿಕೊಂಡವನಿಗೆ 9ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಇದು ಸಾಲಿಗರಿಗೂ ಗೊತ್ತಿಲ್ಲ, ಹಲವು ಠಾಣೆಗಳಿಗೂ ಗೊತ್ತಿಲ್ಲ.

ಹಣದ ವಿಷಯ. 2016ರ ಕೇಂದ್ರ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಮಾನವ ಸಾಗಣೆ, ಲೈಂಗಿಕ ಶೋಷಣೆ, ತೀವ್ರ ಅಂಗವೈಕಲ್ಯದಂಥ ಪ್ರಕರಣಗಳಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ 3 ಲಕ್ಷ. ತಕ್ಷಣದ ನೆರವು ಈಗ 30,000ದವರೆಗೆ. ಆ ಹಣವನ್ನು ಅಂದೇ ಕೊಡಲೆಂದು ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 10 ಲಕ್ಷದ ನಿಧಿ ಇರಬೇಕು ಎಂಬ ನಿಯಮವಿದೆ. ತೊಡಕಿರುವುದು ದೊಡ್ಡ ಮೊತ್ತದಲ್ಲಿ. ಆರೋಪಿಗೆ ಶಿಕ್ಷೆಯಾದ ವಿವರ ಇಲ್ಲವೆಂದು ಪ್ರಸ್ತಾವವನ್ನು ತಡೆಹಿಡಿಯಬಾರದು ಎನ್ನುವ ಯೋಜನೆಯೇ, ಅಂತಿಮ ಪಾವತಿಯನ್ನು ನ್ಯಾಯಾಲಯದ ಪ್ರಕ್ರಿಯೆಗೆ ಗಂಟು ಹಾಕಿದೆ. ಗಂಟು ಬಿಚ್ಚಲು ಜೀತ ಕಾಯ್ದೆಯ 21ನೇ ಕಲಮಿನಲ್ಲಿ ದಾರಿಯಿದೆ: ಕಾರ್ಯಕಾರಿ ಮ್ಯಾಜಿಸ್ಟ್ರೇಟರೇ ಸಂಕ್ಷಿಪ್ತ ವಿಚಾರಣೆ ನಡೆಸುವ ಅಧಿಕಾರವನ್ನು ರಾಜ್ಯ ಸರ್ಕಾರ ಕೊಡಬಹುದು. ಆ ದಾರಿ ಬಳಸದೆ ಮಾಮೂಲಿ ನ್ಯಾಯಾಲಯಕ್ಕೆ ಬಿಟ್ಟರೆ ಕಾರ್ಮಿಕ ಸಾಕ್ಷಿ ಹೇಳಲು ವರ್ಷಗಟ್ಟಲೆ ಊರಿಂದ ಅಲೆಯಬೇಕು. ಅಲೆಯಲು ದುಡ್ಡು ಬೇಕು. ದುಡ್ಡಿಗೆ ಮತ್ತೆ ಮುಂಗಡ.

ಕಾಯ್ದೆಯೊಳಗಿನ ದಂಡವನ್ನು ನೋಡಿದರೆ ನಗು ಬರುತ್ತದೆ. ಮೂರು ವರ್ಷದ ಜೈಲು ಸರಿ, ದಂಡದ ಗರಿಷ್ಠ ಮಿತಿ 2,000 ರೂಪಾಯಿ. ಅದು ವಸೂಲಾದರೆ ಅದರಲ್ಲಿ ಕಾರ್ಮಿಕನಿಗೆ ದಿನಕ್ಕೆ ಐದು ರೂಪಾಯಿಯ ಲೆಕ್ಕದಲ್ಲಿ ಕೊಡಬೇಕು! 1976ರ ರೂಪಾಯಿ ಅಲ್ಲೇ ಕೂತಿದೆ. ಅಪರಾಧಕ್ಕೆ ಜಾಮೀನೂ ಸಿಗುತ್ತದೆ. ಆದ್ದರಿಂದ ಎಫ್‌ಐಆರ್‌ನಲ್ಲಿ ಈ ಕಾಯ್ದೆಯೊಂದನ್ನೇ ಹಾಕಿದರೆ ಪ್ರಕರಣ ಬಡಕಲಾಗುತ್ತದೆ. ಸಂತ್ರಸ್ತರು ಪರಿಶಿಷ್ಟರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್) ಸೇರಿಸಬೇಕು. ಮೋಸದಿಂದ ಕರೆತಂದಿದ್ದರೆ, ಮಾರಾಟ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 143 ಅನ್ವಯಿಸುತ್ತದೆ. ಅದರಲ್ಲಿ ಕನಿಷ್ಠ ಶಿಕ್ಷೆಯೇ ಏಳು ವರ್ಷ.

ಬಿಡಿಸಿ ಕೈತೊಳೆದುಕೊಂಡರೆ ಏನಾಗುತ್ತದೆ ಎಂಬುದು ನೇಪಾಳದಲ್ಲಿ ಕಂಡಿದೆ. 2000ದ ಜುಲೈ 17ರಂದು ಅಲ್ಲಿನ ಸರ್ಕಾರ 'ಕಮೈಯಾ' ಎಂಬ ಜೀತ ಪದ್ಧತಿ ರದ್ದೆಂದು ಸಾರಿತು, ಸಾಲವೂ ಮನ್ನಾ ಎಂದಿತು. ದಾಂಗ್, ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನ್‌ಪುರ ಜಿಲ್ಲೆಗಳ ಥಾರು ಸಮುದಾಯದ ಕುಟುಂಬಗಳು ವಾಸವಿದ್ದ ಗುಡಿಸಲು ಒಡೆಯರ ಜಾಗದಲ್ಲಿತ್ತು. ಒಡೆಯರು ಎಬ್ಬಿಸಿದರು. ಸಾವಿರಾರು ಕುಟುಂಬಗಳು ಮಳೆಗಾಲದಲ್ಲಿ ರಸ್ತೆಬದಿಯ ಶಿಬಿರಗಳಿಗೆ ಬಿದ್ದವು. ಭೂಮಿ ಕೊಡುವ ಕೆಲಸ ವರ್ಷಗಳವರೆಗೆ ಎಳೆಯಿತು. ಹೀಗೆ ಮನೆಯಿಂದ ಎಬ್ಬಿಸುವುದನ್ನು ತಡೆಯಲೆಂದೇ ನಮ್ಮ ಕಾಯ್ದೆಯಲ್ಲಿ 8ನೇ ಕಲಂ ಇದೆ: ಜೀತದ ಭಾಗವಾಗಿ ಸಿಕ್ಕ ಮನೆಯಿಂದ ಬಿಡುಗಡೆಯಾದವರನ್ನು ಎಬ್ಬಿಸುವಂತಿಲ್ಲ. ತಲೆಮಾರಿನಿಂದ ಒಂದೇ ಊರಲ್ಲಿ ಜೀತಕ್ಕಿದ್ದವರಿಗೆ ಇದು ಆಸರೆ, ಗುಳೆ ಬಂದವರಿಗೆ ಪ್ರಯೋಜನ ಕಡಿಮೆ. ಅವರ ಕಡತ ಎರಡು ಜಿಲ್ಲೆಗಳ, ಕೆಲವೊಮ್ಮೆ ಎರಡು ರಾಜ್ಯಗಳ ನಡುವೆ ಸಿಕ್ಕಿಬೀಳುತ್ತದೆ. ಬಿಡಿಸಿದ ಜಿಲ್ಲೆಯವರು ಹೊರಡುವ ಮುನ್ನವೇ ಬ್ಯಾಂಕ್ ಖಾತೆಯ ವಿವರ, ಬಿಡುಗಡೆ ಪತ್ರದ ಪ್ರತಿ, ತವರು ಜಿಲ್ಲಾಧಿಕಾರಿಗೆ ಬರೆದ ಪತ್ರ, ಈ ಮೂರನ್ನೂ ಸಿದ್ಧ ಮಾಡದಿದ್ದರೆ ಆಮೇಲೆ ಕುಟುಂಬವನ್ನು ಹುಡುಕುವುದೇ ಕಷ್ಟ.

ದಾಳಿ ಸಾಮಾನ್ಯವಾಗಿ ನಡೆಯುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಯಾರಾದರೂ ತಪ್ಪಿಸಿಕೊಂಡು ಬಂದು ದೂರು ಕೊಟ್ಟಾಗ. ಮುಂಗಡ ಕೈಬದಲಾಗುವುದು ಅದಕ್ಕಿಂತ ನಾಲ್ಕೈದು ತಿಂಗಳು ಮೊದಲು. ಪಶ್ಚಿಮ ಒಡಿಶಾದಲ್ಲಿ ನುವಾಖಾಯಿ ಎಂಬ ಹೊಸ ಬೆಳೆಯ ಹಬ್ಬದ ಸುತ್ತ, ನಮ್ಮ ಕಡೆ ದಸರಾ ದೀಪಾವಳಿಯ ನಡುವೆ ದಲ್ಲಾಳಿಗಳು ಊರೊಳಗೆ ಓಡಾಡುತ್ತಾರೆ. ಜಿಲ್ಲಾ ಜಾಗೃತಿ ಸಮಿತಿಯಲ್ಲಿ ಪರಿಶಿಷ್ಟರ ಮೂವರು ಪ್ರತಿನಿಧಿಗಳೂ ಸಾಲ ಕೊಡುವ ಸಂಸ್ಥೆಯ ಒಬ್ಬರೂ ಇರಬೇಕೆಂದು ಕಾಯ್ದೆ ಹೇಳಿದೆ. ಆ ಬ್ಯಾಂಕಿನ ಪ್ರತಿನಿಧಿಯನ್ನು ಸಭೆಯ ಫೋಟೊಕ್ಕೆ ಮಾತ್ರ ಕರೆಯುವುದು ರೂಢಿ. ಸಭೆಯನ್ನು ಸೆಪ್ಟೆಂಬರಿಗೆ ಹಾಕಿ, ಹೋದ ವರ್ಷ ಗುಳೆ ಹೋದ ಊರುಗಳ ಪಟ್ಟಿಯನ್ನು ಅವರ ಮುಂದಿಟ್ಟು, ಆ ಊರುಗಳ ಎಷ್ಟು ಸ್ವಸಹಾಯ ಸಂಘಗಳಿಗೆ ದೀಪಾವಳಿಗೆ ಮುಂಚೆ ಸಾಲ ಸಿಗುತ್ತದೆ ಎಂದು ಕೇಳಬೇಕು.