ಉಣ್ಣುವವರ ಮುಂದಿನ ಎಲೆ ಎತ್ತಬೇಡಿ

ಮೊನ್ನೆ ಒಬ್ಬ ಫೋಟೋಗ್ರಾಫರ್ ಹುಡುಗ ನಮ್ಮ ಅಂಗಡಿಗೆ ಬಂದು ಟೇಬಲ್ ಮೇಲೆ ಹಾರ್ಡ್ ಡಿಸ್ಕ್ ಇಟ್ಟ. ಅದರಲ್ಲಿ ಎರಡು ಮದುವೆ, ಒಂದು ನಾಮಕರಣ. ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಫಾರ್ಮ್ಯಾಟ್ ಮಾಡಲಾ, ಅಂದರೆ ಎಲ್ಲ ಅಳಿಸಿಬಿಡಲಾ, ಅಂತ ಕೇಳುತ್ತಿತ್ತು.

'ಏನಾಯ್ತಪ್ಪ?' ಅಂದೆ.

'ಇಜೆಕ್ಟ್ ಕೊಟ್ಟೆ ಸಾರ್, ಇನ್ ಯೂಸ್ ಅಂತು. ಎಲ್ಲ ಕ್ಲೋಸ್ ಮಾಡಿದ್ದೆ ಸಾರ್! ಛತ್ರಕ್ಕೆ ಹೊತ್ತಾಗ್ತಿತ್ತು, ಎಳೆದುಬಿಟ್ಟೆ.'

ಇಜೆಕ್ಟ್ ಅಂದರೆ ಡ್ರೈವ್ ಎಳೆಯುವ ಮೊದಲು 'ತೆಗೆಯಲಾ?' ಅಂತ ಕಂಪ್ಯೂಟರನ್ನು ಕೇಳುವುದು. ಇನ್ ಯೂಸ್ ಅಂದರೆ 'ಬೇಡ, ಇನ್ನೂ ಬಳಕೆಯಲ್ಲಿದೆ' ಅನ್ನುವ ಅದರ ಉತ್ತರ. ಈ 'ಎಲ್ಲ ಕ್ಲೋಸ್ ಮಾಡಿದ್ದೆ' ಅನ್ನೋ ಮಾತು ವಾರಕ್ಕೆ ಎರಡು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಮುಚ್ಚಿದ್ದು ಪರದೆ ಮೇಲೆ ಕಾಣುವ ಕಿಟಕಿಗಳನ್ನು. ಕಂಪ್ಯೂಟರ್ ಲೆಕ್ಕ ಇಡುವುದು ಕಿಟಕಿಗಳನ್ನಲ್ಲ, ತೆರೆದ ಫೈಲುಗಳನ್ನು. ಆ ಡ್ರೈವಿನ ಒಂದೇ ಒಂದು ಫೈಲನ್ನು ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿದ್ದರೂ ಸಾಕು, ಬಿಡಲ್ಲ ಅನ್ನುತ್ತದೆ. ಪಂಕ್ತಿಯಲ್ಲಿ ಒಬ್ಬರು ಇನ್ನೂ ಮಜ್ಜಿಗೆ ಅನ್ನ ಕಲಸುತ್ತಿದ್ದಾರೆ, ಎಲೆ ಎತ್ತಬೇಡಿ ಅಂತ ಅದು ಹೇಳುತ್ತಿದೆ. ನೀವು ಎಲೆ ಎಳೆಯುತ್ತೀರಿ.

ಹಿಡಿದುಕೊಂಡಿರುವವರು ಯಾರು? ಕಣ್ಣಿಗೆ ಕಾಣದವರೇ ಜಾಸ್ತಿ. ಆಂಟಿವೈರಸ್ ಒಳಗೆ ಹೊಕ್ಕು ತಪಾಸಣೆ ಮಾಡುತ್ತಿರಬಹುದು. ಕ್ಲೌಡ್‌ಗೆ ಕಳಿಸುವ ಪ್ರೋಗ್ರಾಂ ಗಡಿಯಾರದ ಪಕ್ಕ ಸಣ್ಣ ಚಿತ್ರವಾಗಿ ಕೂತು ಫೋಟೋ ಸಾಗಿಸುತ್ತಿರಬಹುದು. ತಮಾಷೆ ಏನಂದ್ರೆ, ಯಾರು ಹಿಡಿದಿದ್ದಾರೆ ನೋಡೋಣ ಅಂತ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಕೆಲವೊಮ್ಮೆ ಅದೇ ಡ್ರೈವ್ ಹಿಡಿದು ಕೂರುತ್ತದೆ. ಕಳ್ಳನನ್ನು ಹುಡುಕಲು ಬಂದ ಪೊಲೀಸಪ್ಪ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ ಹಾಗೆ. ಈ ಹುಡುಗನ ವಿಷಯದಲ್ಲಿ ಫೋಟೋ ಎಡಿಟಿಂಗ್ ಸಾಫ್ಟ್‌ವೇರಿನ ಕ್ಯಾಟಲಾಗ್ ಫೈಲು, ಅಂದರೆ ಫೋಟೋಗಳ ಪಟ್ಟಿ ಇಡುವ ಫೈಲು, ಅದೇ ಡಿಸ್ಕಿನಲ್ಲಿತ್ತು. ಕಿಟಕಿ ಮುಚ್ಚಿದ ಮೇಲೂ ಅದು ಒಳಗೊಳಗೇ ಬರೆಯುತ್ತಿತ್ತು ಅಂತ ನನ್ನ ಊಹೆ. ಎಳೆದಾದ ಮೇಲೆ ಖಚಿತವಾಗಿ ಹೇಳುವುದು ಕಷ್ಟ.

ಸ್ವಲ್ಪ ಓದಿಕೊಂಡವರು ಇನ್ನೊಂದು ವಾದ ತರುತ್ತಾರೆ. ಈಗ ಇಜೆಕ್ಟ್ ಎಲ್ಲ ಬೇಕಾಗಿಲ್ಲವಂತಲ್ಲ ಸಾರ್, ವಿಂಡೋಸೇ ಹೇಳಿದೆಯಂತಲ್ಲ? ಅರ್ಧ ನಿಜ. 2018ರ ಅಕ್ಟೋಬರ್ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಹೊರಗಿನ ಡ್ರೈವುಗಳಿಗೆ 'ಕ್ವಿಕ್ ರಿಮೂವಲ್' ತಾನಾಗೇ ಇರುತ್ತದೆ. ಮೊದಲು ವಿಂಡೋಸ್ ಬರೆಯುವುದನ್ನೆಲ್ಲ ಮೆಮೊರಿಯಲ್ಲಿ ಕೂಡಿಟ್ಟು ಆಮೇಲೆ ನಿಧಾನಕ್ಕೆ ಡ್ರೈವಿಗೆ ಇಳಿಸುತ್ತಿತ್ತು. ಈಗ ಹಾಗೆ ಕೂಡಿಡುವುದಿಲ್ಲ. ಅಷ್ಟೇ ಆಗಿರುವುದು. ಒಂದು ಪ್ರೋಗ್ರಾಂ ಫೈಲ್ ತೆರೆದು ಅರ್ಧ ಬರೆದಿದ್ದರೆ ಉಳಿದರ್ಧವನ್ನು ಯಾವ ಸೆಟ್ಟಿಂಗೂ ತಂದುಕೊಡುವುದಿಲ್ಲ. ಕೂಡಿಟ್ಟಿದ್ದನ್ನು ಇಳಿಸುವುದು ಒಂದು, ತೆರೆದ ಫೈಲನ್ನು ಮುಚ್ಚುವುದು ಇನ್ನೊಂದು. ಇದನ್ನು ನಾನು ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದ್ದೇನೆ. ತಲೆ ಆಡಿಸುತ್ತಾರೆ, ಮುಂದಿನ ತಿಂಗಳು ಮತ್ತೆ ಬರುತ್ತಾರೆ.

ಇವನ ಡಿಸ್ಕು ಮ್ಯಾಕ್‌ಗೂ ವಿಂಡೋಸ್‌ಗೂ ಆಗಲಿ ಅಂತ ಎಕ್ಸ್‌ಫ್ಯಾಟ್ ಅನ್ನೋ, ಫೈಲು ಜೋಡಿಸಿಡುವ ಪದ್ಧತಿಯಲ್ಲಿತ್ತು. ಅನುಕೂಲವೇನೋ ಹೌದು. ಆದರೆ ವಿಂಡೋಸಿನದೇ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲಿರುವ ಹಾಗೆ ಅದರಲ್ಲಿ ಜರ್ನಲ್ ಇಲ್ಲ, ಅಂದರೆ ಮಾಡುತ್ತಿದ್ದ ಕೆಲಸದ ದಿನಚರಿ ಇರುವುದಿಲ್ಲ. ನಡುವೆ ಎಳೆದರೆ ಪೆಟ್ಟು ಜಾಸ್ತಿ.

ಹಿಡಿದಿರುವವರನ್ನು ಪತ್ತೆ ಮಾಡುವುದು ಕಷ್ಟವಲ್ಲ. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ (ಕಂಪ್ಯೂಟರಿನೊಳಗೆ ನಡೆದದ್ದರ ದಾಖಲೆ ತೋರಿಸುವ ಪ್ರೋಗ್ರಾಂ) ತೆರೆದು, ಸಿಸ್ಟಮ್ ಲಾಗ್‌ನಲ್ಲಿ 225 ಅನ್ನೋ ನಂಬರ್ ಹುಡುಕಿ. ಇಜೆಕ್ಟ್ ತಡೆದ ಪ್ರೋಗ್ರಾಂ ಹೆಸರು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಅದನ್ನು ಮರ್ಯಾದೆಯಿಂದ ಮುಚ್ಚಿ, ಮತ್ತೆ ಇಜೆಕ್ಟ್ ಕೊಡಿ. ಹೆಸರಿನ ಜಾಗದಲ್ಲಿ ಬರೀ 'ಸಿಸ್ಟಮ್' ಅಂತಿದ್ದರೆ ಗುದ್ದಾಡಬೇಡಿ. ಕಂಪ್ಯೂಟರ್ ಆಫ್ ಮಾಡಿ, ಡ್ರೈವಿನ ದೀಪ ಆರಿದ ಮೇಲೆ ತೆಗೆಯಿರಿ.

ವಿಂಡೋಸ್ ಬದಲು ಲಿನಕ್ಸ್ ಬಳಸುವವರು ತಾವು ಬುದ್ಧಿವಂತರು ಅಂದುಕೊಂಡಿರುತ್ತಾರೆ. ಕಾಲೇಜಿನ ಮೇಡಂ ಒಬ್ಬರು ಫೋನ್ ಮಾಡಿ, 'ಟಾರ್ಗೆಟ್ ಈಸ್ ಬ್ಯುಸಿ ಅಂತಿದೆ, ಒಂದು ಫೈಲೂ ತೆರೆದಿಲ್ಲ' ಅಂದರು. ಯಾರು ಹಿಡಿದಿದ್ದಾರೆ ಅಂತ ಹೇಳುವ ಫ್ಯೂಸರ್ ಕಮಾಂಡ್ ಕೊಡಿಸಿದೆ. ಹಿಡಿದಿದ್ದು ಅವರದೇ ಟರ್ಮಿನಲ್, ಕಮಾಂಡ್ ಬರೆಯುವ ಕಿಟಕಿ! ಆ ಡ್ರೈವಿನ ಫೋಲ್ಡರಿನೊಳಗೇ ನಿಂತು ಅನ್‌ಮೌಂಟ್, ಅಂದರೆ ಲಿನಕ್ಸಿನ ಇಜೆಕ್ಟ್, ಕೊಡುತ್ತಿದ್ದರು. ಮನೆಯೊಳಗೆ ನಿಂತು ಹೊರಬಾಗಿಲಿಗೆ ಬೀಗ ಹಾಕೋಕಾಗುತ್ತಾ ಮೇಡಂ ಅಂದೆ, ನಕ್ಕರು. ಇನ್ನು ಕೆಲವರು 'ಲೇಜಿ' ಅನ್‌ಮೌಂಟ್ ಕೊಟ್ಟು, ಆಯ್ತು ಅಂತ ಎಳೆಯುತ್ತಾರೆ. ಅದು ಡ್ರೈವನ್ನು ನಿಮ್ಮ ಕಣ್ಣಿಂದ ಮರೆ ಮಾಡುತ್ತದೆ ಅಷ್ಟೇ. ತೆರೆದ ಫೈಲು ತೆರೆದೇ ಇರುತ್ತದೆ.

ಈಗಾಗಲೇ ಎಳೆದಾಗಿದ್ದರೆ, ಫಾರ್ಮ್ಯಾಟ್ ಮಾಡಲಾ ಅಂದಾಗ ಬೇಡ ಅನ್ನಿ. ಒಳಗಿರುವುದು ಬೆಲೆ ಬಾಳುವಂಥದ್ದಾದರೆ ರಿಪೇರಿ ಟೂಲುಗಳನ್ನೂ ಓಡಿಸಬೇಡಿ. ಕೆಲವೊಮ್ಮೆ ಅವು ಸರಿ ಮಾಡುತ್ತವೆ, ಕೆಲವೊಮ್ಮೆ ಇದ್ದದ್ದನ್ನೂ ಕೆಡಿಸುತ್ತವೆ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕರೆಂಟೇ ಕೊಡಬೇಡಿ.

ಹುಡುಗನ ಡಿಸ್ಕನ್ನು ಮೊದಲು ಇದ್ದ ಹಾಗೇ ಇನ್ನೊಂದಕ್ಕೆ ನಕಲು ತೆಗೆದು, ಆ ನಕಲಿನ ಮೇಲೆ ಕೆಲಸ ಮಾಡಿದೆ. ಮದುವೆಗಳೆರಡೂ ಬಂದವು. ನಾಮಕರಣದ್ದು ಒಂದಷ್ಟು ಹೋಯಿತು. ಮಗುವಿನ ಅಜ್ಜಿಗೆ ಏನು ಹೇಳಲಿ ಅಂತ ಕೂತುಬಿಟ್ಟ. ಬೈಯೋಣ ಅಂದುಕೊಂಡಿದ್ದವನು ಟೀ ತರಿಸಿದೆ.

ಸಿಕ್ಕಿದ್ದನ್ನೆಲ್ಲ ಹೊಸ ಡಿಸ್ಕಿಗೆ ಹಾಕಿ, ಅವನಿಗೆ ಪಾಠವಾಗಲಿ ಅಂತ ಬೇಕಂತಲೇ ಅವನೆದುರು ಇಜೆಕ್ಟ್ ಒತ್ತಿದೆ. ಇನ್ ಯೂಸ್ ಅಂತು. ನಾನು ಗಂಭೀರವಾಗಿ ಇವೆಂಟ್ ವ್ಯೂವರ್ ತೆರೆಯಲು ಹೋದೆ. ಹುಡುಗ ಮೆಲ್ಲಗೆ ಪರದೆ ಕಡೆ ಬೆರಳು ತೋರಿಸಿದ. 'ಸಾರ್, ಹಿಂದುಗಡೆ ಧಾರೆ ವಿಡಿಯೋ ಪಾಜ್‌ನಲ್ಲಿದೆ. ನೀವೇ ನೋಡ್ತಾ ಇದ್ರಲ್ಲ.'