ಪದ ಪರಿಚಯ: ಮತಗಟ್ಟೆ ವಶ

ಬೂತ್ ಕ್ಯಾಪ್ಚರಿಂಗ್‌ಗೆ ಕನ್ನಡದಲ್ಲಿ ‘ಮತಗಟ್ಟೆ ವಶ’ ಎನ್ನುತ್ತೇವೆ. ಹಾಗೆಂದೊಡನೆ ಕಣ್ಣಿಗೆ ಕಟ್ಟುವುದು ಬಂದೂಕು ಹಿಡಿದು ಒಳನುಗ್ಗಿದ ಗುಂಪು, ಮೂಲೆ ಹಿಡಿದ ಸಿಬ್ಬಂದಿ, ಮತಪತ್ರಗಳ ಮೇಲೆ ಒಂದರ ಹಿಂದೊಂದು ಬೀಳುವ ಠಸ್ಸೆ. 1957ರಲ್ಲಿ ಬಿಹಾರದ ಬೇಗುಸರಾಯ್ ಬಳಿಯ ರಚಿಯಾಹಿಯಲ್ಲಿ ನಡೆದದ್ದನ್ನು ಇದರ ಮೊದಲ ಪ್ರಕರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಕಾನೂನಿನಲ್ಲಿ ಈ ಪದದ ಹರವು ಇನ್ನೂ ದೊಡ್ಡದು. 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 1989ರಲ್ಲಿ 135ಎ ಕಲಂ ಸೇರಿತು. ಮತದಾರರನ್ನು ಬೆದರಿಸಿ ಮತಗಟ್ಟೆಯತ್ತ ಹೆಜ್ಜೆ ಇಡದಂತೆ ಮಾಡಿದರೂ ಅದು ಮತಗಟ್ಟೆ ವಶವೇ. ನನಗೆ ಈ ವ್ಯಾಖ್ಯೆಯಲ್ಲಿ ಬಹಳ ಮುಖ್ಯ ಅನಿಸುವುದು ಈ ಮಾತು. ಹಿಂದಿನ ರಾತ್ರಿ ಕೇರಿಗೆ ಬಂದು ‘ನಾಳೆ ಮನೆಯಲ್ಲೇ ಇರಿ’ ಎಂದು ಹೇಳಿಹೋದರೆ ಸಾಕು, ಮರುದಿನ ಮತಗಟ್ಟೆ ತಣ್ಣಗಿರುತ್ತದೆ. ಅಲ್ಲಿ ಗಲಾಟೆ ಆಗಲಿಲ್ಲ ಎಂದು ವರದಿಯಾಗುತ್ತದೆ. ಅಪರಾಧ ಮಾತ್ರ ನಡೆದುಹೋಗಿರುತ್ತದೆ. ಇದಕ್ಕೆ ಕನಿಷ್ಠ 1 ವರ್ಷ ಜೈಲು. ಸರ್ಕಾರಿ ನೌಕರ ಕೈಜೋಡಿಸಿದ್ದರೆ ಕನಿಷ್ಠ 3.

ಮತಯಂತ್ರ ಬಂದ ಮೇಲೆ ಒಳಗೆ ನುಗ್ಗಿ ಲಾಭವಿಲ್ಲದಂತಾಯಿತು. ಅದು ನಿಮಿಷಕ್ಕೆ ನಾಲ್ಕೈದು ಮತಗಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಅಧಿಕಾರಿ ಕ್ಲೋಸ್ ಗುಂಡಿ ಒತ್ತಿದರೆ ಪೂರ್ತಿ ನಿಲ್ಲುತ್ತದೆ. ಆದರೆ ಹಿಂಸೆ ನಿಲ್ಲಲಿಲ್ಲ, ಜಾಗ ಬದಲಿಸಿತು. 2018ರ ಪಶ್ಚಿಮ ಬಂಗಾಳದ ಪಂಚಾಯಿತಿ ಚುನಾವಣೆಯಲ್ಲಿ ನಾಮಪತ್ರ ಸಲ್ಲಿಸುವ ಹೊತ್ತಿಗೇ ಹೊಡೆದಾಟಗಳಾದವು. ಮೂರನೇ ಒಂದರಷ್ಟು ಸ್ಥಾನಗಳಿಗೆ ಮತದಾನವೇ ನಡೆಯಲಿಲ್ಲ, ಎದುರಾಳಿಗಳೇ ಇರಲಿಲ್ಲ. ಕಣದಲ್ಲಿ ಇನ್ನೊಬ್ಬ ಇಲ್ಲದ ಮೇಲೆ ಮತಗಟ್ಟೆಯನ್ನು ಯಾರು ಯಾಕೆ ವಶಪಡಿಸಿಕೊಳ್ಳಬೇಕು?

ಇನ್ನೊಂದು ಜಾಗ, ಫಲಿತಾಂಶದ ನಂತರದ ದಿನಗಳು. ಹಿಂದೆ ಹಲವು ಪೆಟ್ಟಿಗೆಗಳ ಮತಪತ್ರ ಬೆರೆಸಿ ಎಣಿಸುವ ಪದ್ಧತಿಯಿತ್ತು. ಈಗ ಯಂತ್ರದ ಲೆಕ್ಕ ಒಂದೊಂದು ಮತಗಟ್ಟೆಯದೂ ಬೇರೆಬೇರೆಯಾಗಿ ಸಿಗುತ್ತದೆ. ಒಂದು ಮತಗಟ್ಟೆಗೆ ಸುಮಾರು ಸಾವಿರ ಮತದಾರರು. ಯಾವ ಕೇರಿ ಯಾರ ಕೈಹಿಡಿಯಿತು ಎಂದು ಊರಿನ ಬಲಾಢ್ಯರಿಗೆ ಊಹಿಸಲು ಇಷ್ಟು ಸಾಕು. ಸೇಡಿಗೆ ವಿಳಾಸ ಸಿಕ್ಕಂತೆ. ಇದನ್ನು ತಪ್ಪಿಸಲು ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು, ಕಾನೂನು ಆಯೋಗ 2015ರಲ್ಲಿ ದನಿಗೂಡಿಸಿತು. ಸಾರ್ವತ್ರಿಕ ಚುನಾವಣೆಗಳಲ್ಲಿ ಅದು ಇನ್ನೂ ಬಳಕೆಗೆ ಬಂದಿಲ್ಲ.